ಎದೆಯ ಮೇಲಿನ ಕೆಂಪು ಪಟ್ಟಿ

ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಸಮವಸ್ತ್ರದ ಭಾವಚಿತ್ರ ನೋಡುವವರ ಕಣ್ಣು ಮೊದಲು ಮುಖದ ಮೇಲೆ ನಿಲ್ಲುತ್ತದೆ, ಆಮೇಲೆ ಹೆಗಲ ಮೇಲಿನ ಪದವಿಯ ಗುರುತಿಗೆ ಹೋಗುತ್ತದೆ. ಎಡ ಎದೆಯ ರಿಬ್ಬನ್ ಸಾಲನ್ನು ಓದುವವರು ಕಡಿಮೆ. ಆ ಸಾಲಿನಲ್ಲಿ ಒಂದು ಕಡುಗೆಂಪು ಪಟ್ಟಿ, ಎರಡೂ ಅಂಚಿಗೆ ಸಣ್ಣ ನೀಲಿ ಗೆರೆ. ಕಪ್ಪು-ಬಿಳುಪು ಚಿತ್ರದಲ್ಲಿ ಅದು ಬರೀ ಬೂದು ತುಂಡು. ಯುದ್ಧದಲ್ಲಿ ದಳ ನಡೆಸಿದ ಅಧಿಕಾರಿಗಳಿಗೆ ಬ್ರಿಟಿಷರು ಕೊಡುತ್ತಿದ್ದ ಡಿಎಸ್‌ಒ (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್) ಪದಕದ ಗುರುತು ಅದು. ಮುಂದೆ ಬಂದ ಪದ್ಮಭೂಷಣಕ್ಕಿಂತ, ಸೇನಾ ಮುಖ್ಯಸ್ಥನ ಹುದ್ದೆಗಿಂತ ಆ ತುಂಡೇ ಹೆಚ್ಚು ತೂಕದ್ದು ಎಂದು ನಾನು ನಂಬುತ್ತೇನೆ.

ಯಾಕೆಂದರೆ ಭಾರತೀಯರಿಗೆ ಪಲ್ಟನ್ ನಡೆಸಲು ಬರುತ್ತದೆಯೇ ಎಂಬ ಅನುಮಾನ ಆಗ ಸರ್ಕಾರದ ನೀತಿಯೇ ಆಗಿತ್ತು. 1923ರಲ್ಲಿ ಎಂಟು ದಳಗಳನ್ನು ಮಾತ್ರ ಆರಿಸಿ ಭಾರತೀಯ ಅಧಿಕಾರಿಗಳನ್ನು ಅಲ್ಲಿಗೇ ಸೀಮಿತಗೊಳಿಸಿದರು. ಬಿಳಿಯನೊಬ್ಬ ಭಾರತೀಯನ ಕೈಕೆಳಗೆ ದುಡಿಯುವ ಪ್ರಸಂಗ ಹಾಗೆ ತಪ್ಪಿತು. 1926ರಲ್ಲಿ ಸ್ಯಾಂಡ್‌ಹರ್ಸ್ಟ್‌ನಿಂದ ಹೊರಬಂದ ತಿಮ್ಮಯ್ಯ ಸೇರಿದ 4/19 ಹೈದರಾಬಾದ್ ಆ ಎಂಟರಲ್ಲಿ ಒಂದು. ಸುಮಾರು ಎರಡು ದಶಕದ ನಂತರ, 1945ರ ಆರಂಭದಲ್ಲಿ, ಬರ್ಮಾದ ಅರಕಾನ್ ಕರಾವಳಿಯ ಕಂಗಾವ್‌ನಲ್ಲಿ ಜಪಾನೀಯರು ಹಿಮ್ಮೆಟ್ಟುವ ದಾರಿಗೆ ಅಡ್ಡ ನಿಂತವರಲ್ಲಿ 51ನೇ ಬ್ರಿಗೇಡ್ ಕೂಡ ಇತ್ತು. ಕಾಂಡ್ಲಾ ಕಾಡು, ಉಬ್ಬರ-ಇಳಿತದ ಕೆಸರು ಕಾಲುವೆ, ಆಚೆ ಗುಡ್ಡ. ಆ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳ ದಳಪತಿಗಳು ತಿಮ್ಮಯ್ಯ, ಥೋರಟ್ ಮತ್ತು ಸೇನ್. ಮೂವರೂ ಭಾರತೀಯರು, ಮೂವರಿಗೂ ಡಿಎಸ್‌ಒ ಬಂತು. ಅನುಮಾನಪಟ್ಟವರೇ ಕೈಯಾರೆ ಬರೆದುಕೊಟ್ಟ ಉತ್ತರ ಅದು.

ಪರದೇಶಿ ದೊರೆಯ ಪದಕದಲ್ಲಿ ಹೆಮ್ಮೆಯೇನು ಎಂದು ಕೇಳುವವರಿದ್ದಾರೆ. ಹಗುರ ಪ್ರಶ್ನೆಯಲ್ಲ, ತಿಮ್ಮಯ್ಯನವರ ಸ್ವಂತ ಅಣ್ಣನೇ ಬ್ರಿಟಿಷರ ವಿರುದ್ಧ ಹೋರಾಡಿದ ಆಜಾದ್ ಹಿಂದ್ ಫೌಜು ಸೇರಿದ್ದರು. ಅಲಹಾಬಾದಿನಲ್ಲಿದ್ದಾಗ ರಾಜೀನಾಮೆ ಕೊಡಲೇ ಎಂದು ತಿಮ್ಮಯ್ಯ ಮೋತಿಲಾಲ್ ನೆಹರೂ ಅವರನ್ನು ಕೇಳಿದ್ದುಂಟು. ಬೇಡ, ನಾಳೆ ಸ್ವತಂತ್ರ ದೇಶಕ್ಕೆ ನುರಿತ ಅಧಿಕಾರಿಗಳು ಬೇಕಾಗುತ್ತಾರೆ ಎಂದರು ಅವರು. ಒಬ್ಬನ ಎದೆಯ ಪದಕದಲ್ಲಿ ಆ ಕೆಸರಲ್ಲಿ ಬಿದ್ದ ಕುಮಾವೂಂ, ಜಾಟ್, ಅಹೀರ್ ಜವಾನರು ಕಾಣುವುದಿಲ್ಲ ಎಂಬ ಇನ್ನೊಂದು ಆಕ್ಷೇಪವನ್ನು ಮಾತ್ರ ನಾನು ಒಪ್ಪಲೇಬೇಕು. ಭಾವಚಿತ್ರದ ಚೌಕಟ್ಟು ಒಬ್ಬನಿಗಷ್ಟೇ ಜಾಗ ಕೊಡುತ್ತದೆ. ಆದರೆ ಮೊದಲ ಪ್ರಶ್ನೆಗೆ ಉತ್ತರ ಸಿಗಲು ಹೆಚ್ಚು ಕಾಲ ಹಿಡಿಯಲಿಲ್ಲ. 1948ರ ನವೆಂಬರ್ 1ರಂದು, ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದಲ್ಲಿ, 11,500 ಅಡಿ ಎತ್ತರದ ಜೋಜಿ ಲಾ ಕಣಿವೆದಾರಿಗೆ ಹಿಮದಲ್ಲೇ ಟ್ಯಾಂಕುಗಳನ್ನು ಹತ್ತಿಸಿ ಲಡಾಖಿನ ಹಾದಿ ಬಿಡಿಸಿದ ದಾಳಿಗೆ ಡಿವಿಷನ್ನಿನ ಮುಖ್ಯಸ್ಥರಾಗಿ ನಿಂತವರು ತಿಮ್ಮಯ್ಯ. ಆ ಟ್ಯಾಂಕುಗಳು 7ನೇ ಲೈಟ್ ಕ್ಯಾವಲ್ರಿಯವು. 1923ರ ಎಂಟು ದಳಗಳಲ್ಲಿ ಅದರ ಹೆಸರೂ ಇತ್ತು.