ಹಸ್ತಪ್ರತಿಯಿಂದ ಹೊತ್ತಗೆಯವರೆಗೆ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ - ಈ ಐದು ತಾಲ್ಲೂಕುಗಳ ಸೀಮೆಯಲ್ಲಿ ಕಾದಂಬರಿಯೊಂದನ್ನು ಬರೆದು ಮುಗಿಸಿ, ಅದನ್ನು ಟ್ರಂಕಿನಲ್ಲಿಟ್ಟುಕೊಂಡು ಕಾದಿರುವ ತರುಣರನ್ನು ತಾವೂ ಕಂಡಿರಬಹುದು. ಕವಿತೆಗೆ ಪತ್ರಿಕೆಯ ಅರ್ಧ ಪುಟ ಸಾಕು; ಸಣ್ಣಕಥೆಗೆ ದೀಪಾವಳಿ ವಿಶೇಷಾಂಕವಾದರೂ ಉಂಟು. ಕಾದಂಬರಿಗಾದರೋ ಕಾಗದ, ಅಕ್ಷರಜೋಡಣೆ, ಮುದ್ರಣ, ರಟ್ಟು ಇವುಗಳ ವೆಚ್ಚವನ್ನು ಮುಂಗಡವಾಗಿ ಹೂಡುವವನೊಬ್ಬ ಬೇಕು. ಹೆಸರಿಲ್ಲದವನ ಪುಸ್ತಕವನ್ನು ಕೊಳ್ಳುವವರಿಲ್ಲ, ಕೊಳ್ಳುವವರಿಲ್ಲವೆಂದು ಪ್ರಕಾಶಕನಿಲ್ಲ, ಪ್ರಕಾಶಕನಿಲ್ಲದೆ ಹೆಸರು ಬರುವುದಿಲ್ಲ. ಈ ಸುಳಿ ಇಂದಿನದಲ್ಲ. ಹಿಂದಿನವರು ಇದನ್ನು ದಾಟಿದ ಬಗೆ ನಮಗೆ ತಿಳಿದಿರಬೇಕು.

ಹಡಗಲಿ ಸೀಮೆಯ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ಆಚೆ ದಡದಲ್ಲಿ, ವರದೆ ಬಂದು ಕೂಡುವ ಎಡೆಯಲ್ಲಿ, ಗಳಗನಾಥವೆಂಬ ಊರಿದೆ. ಕನ್ನಡ ಕಾದಂಬರಿಯ ಪಿತಾಮಹರೆನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ಈ ಊರಿನ ಹೆಸರಿನಿಂದಲೇ ಪ್ರಸಿದ್ಧರು. ಶಾಲಾಮಾಸ್ತರರಾಗಿದ್ದ ಅವರಿಗೆ ಓದುಗರು ಸಿದ್ಧವಾಗಿ ದೊರೆತವರಲ್ಲ. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಮೂಲಕ ಅವರ ಬರಹ ಮನೆಮನೆಗೆ ತಲುಪಿತು. ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ವಿಜಯನಗರ ಸ್ಥಾಪನೆಯ ಕಥೆಯುಳ್ಳ 'ಮಾಧವ ಕರುಣಾ ವಿಲಾಸ'ವನ್ನು ಬರೆದ ಕೈಯೇ ಅದನ್ನು ಓದುಗನ ಕೈಗೂ ಇತ್ತಿತು.

ಕಾದಂಬರಿಯಲ್ಲದಿದ್ದರೂ ಇಲ್ಲಿ ನೆನೆಯಲೇಬೇಕಾದ ಇನ್ನೊಂದು ಉದಾಹರಣೆಯುಂಟು. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880-1964) ತಾಳೆಗರಿಗಳಿಂದ ವಚನಗಳನ್ನು ಸಂಗ್ರಹಿಸಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿದರು. ಹಸ್ತಪ್ರತಿ ಅಚ್ಚಾಗದೆ ಹಿಂದಿರುಗಿತು. ಕೊನೆಗೆ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ 1923ರಲ್ಲಿ ಅಚ್ಚಾಯಿತು. ಪರರ ಬಾಗಿಲಲ್ಲಿ ಕಾಯುವುದು ಸಾಕೆಂದು ಅವರು ತಾವೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅಂದು ಅವರು ಬೇಸತ್ತು ಕೈಬಿಟ್ಟಿದ್ದರೆ ನಾವು ಕಳೆದುಕೊಳ್ಳುತ್ತಿದ್ದುದೆಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಮೂರನೆಯ ದಾರಿಯನ್ನು ತೋರಿದವರು ಧಾರವಾಡದ ಜಿ. ಬಿ. ಜೋಶಿಯವರು. 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯಲ್ಲಿ ಓದುಗರು ಚಂದಾ ಕೊಟ್ಟು ವರ್ಷದ ಪುಸ್ತಕಗಳನ್ನು ಪಡೆಯುವ ಏರ್ಪಾಡಿತ್ತು. ಹೊಸಬನ ಕೃತಿಗೂ ಹೀಗೆ ಮೊದಲೇ ಓದುಗರು ನಿಶ್ಚಯವಾಗಿರುತ್ತಿದ್ದರು. ಯು. ಆರ್. ಅನಂತಮೂರ್ತಿಯವರ ಮೊದಲ ಕಾದಂಬರಿ 'ಸಂಸ್ಕಾರ' 1965ರಲ್ಲಿ ಬೆಳಕು ಕಂಡುದು ಈ ಮಾಲೆಯಲ್ಲಿಯೇ.

ನಮ್ಮ ಸೀಮೆಗೆ ಮಾತ್ರ ದಾರಿ ಇನ್ನಷ್ಟು ದೂರವಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಪ್ರದೇಶ ಮದ್ರಾಸಿನ ಆಡಳಿತದಲ್ಲಿತ್ತು. ಧಾರವಾಡ ಮುಂಬಯಿಗೆ ಸೇರಿತ್ತು, ಬೆಂಗಳೂರು ಮೈಸೂರಿಗೆ. ಕನ್ನಡದ ದೊಡ್ಡ ಮುದ್ರಣ ಕೇಂದ್ರಗಳಲ್ಲಿ ಹಲವು ಗಡಿಯಾಚೆಯವು. ಹೀಗಿದ್ದೂ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯ ನೌಕರಿಯ ನಡುವೆ ಬರೆದು 'ಬೀಚಿ'ಯಾಗಿ ನಾಡಿಗೆ ಪರಿಚಿತರಾದರು. ಕೊಟ್ಟೂರಿನಲ್ಲಿ ಜನಿಸಿದ ಕುಂಬಾರ ವೀರಭದ್ರಪ್ಪನವರು ಆಂಧ್ರದ ಹಳ್ಳಿಗಳಲ್ಲಿ ಶಿಕ್ಷಕರಾಗಿದ್ದುಕೊಂಡೇ ಬರೆದರು. ಅವರ 'ಅರಮನೆ' ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದಿತು.

ಸರ್ಕಾರದ ನೆರವು ಇಲ್ಲವೆಂದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ತರುವಾಯ ಗ್ರಂಥಾಲಯಗಳ ಸಗಟು ಖರೀದಿ ಪ್ರಕಾಶಕರಿಗೆ ದೊಡ್ಡ ಆಸರೆಯಾಯಿತು. ಕನ್ನಡ ಪುಸ್ತಕ ಪ್ರಾಧಿಕಾರವು ತರುಣರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುತ್ತ ಬಂದಿದೆ. ಆದರೆ ಪ್ರಕಾಶಕನು ಖರೀದಿಯೊಂದನ್ನೇ ನೆಚ್ಚಿದರೆ, ಆಯ್ಕೆಯೋ ಹಣವೋ ತಡವಾದಾಗ ಮೊದಲು ಹಿಂದಕ್ಕೆ ಸರಿಯುವುದು ಹೊಸಬನ ಹಸ್ತಪ್ರತಿಯೇ. ಇಂದು ನೂರಿನ್ನೂರು ಪ್ರತಿಗಳನ್ನು ಅಚ್ಚು ಹಾಕಿಸುವುದು ಸುಲಭ. ಸಾಲ ಮಾಡಿ ಅಚ್ಚು ಹಾಕಿಸಿದ ಆ ಪ್ರತಿಗಳು ಮನೆಯ ಅಟ್ಟವನ್ನು ಸೇರುವುದೂ ಅಷ್ಟೇ ಸುಲಭ.

ಗಳಗನಾಥರಿಗೂ ಹಳಕಟ್ಟಿಯವರಿಗೂ ಜೋಶಿಯವರಿಗೂ ಕೈಹಿಡಿದವರು ಯಾರು? ಕಾಸು ಕೊಟ್ಟು ಪುಸ್ತಕ ಕೊಂಡ ಓದುಗರು. ಬರೆಯುವುದು ಕಾಯಕವಾದರೆ ಕೊಂಡು ಓದುವುದೂ ಒಂದು ದಾಸೋಹವೇ. ಕೊಟ್ಟೂರಿನ ತೇರಿಗೂ ಮೈಲಾರದ ಜಾತ್ರೆಗೂ ಕಾಯಿ-ಕರ್ಪೂರ, ಬೆಂಡು-ಬತ್ತಾಸು ಕೊಳ್ಳುವ ನಾವು, ನಮ್ಮದೇ ಸೀಮೆಯ ಹೊಸ ಲೇಖಕನ ಒಂದು ಪುಸ್ತಕವನ್ನು ವರ್ಷಕ್ಕೊಮ್ಮೆ ಕೊಂಡರೆ ಬಡವರಾಗುವುದಿಲ್ಲ. ತರುಣ ಲೇಖಕರಿಗೆ ಹೇಳುವ ಮಾತು ಇಷ್ಟೇ: ಕಾಯುವ ಕಾಲ ತಿದ್ದುವ ಕಾಲವಾಗಲಿ. ಮಿಕ್ಕ ಹೊಣೆ, ವಾಚಕರೇ, ನಮ್ಮ ನಿಮ್ಮದು.