ಸುಜಾತಾ ರಾಮದೊರೈ

ಸುಜಾತಾ ರಾಮದೊರೈ (ಜನನ 1962): ಬೀಜಗಣಿತೀಯ ಸಂಖ್ಯಾಸಿದ್ಧಾಂತದಲ್ಲಿ ಜಗನ್ಮಾನ್ಯರಾದ ಭಾರತೀಯ ಗಣಿತಜ್ಞೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ 1982ರಲ್ಲಿ ವಿಜ್ಞಾನ ಪದವಿಯನ್ನು ಪಡೆದ ಇವರು ಸ್ನಾತಕೋತ್ತರ ವ್ಯಾಸಂಗವನ್ನು ತರಗತಿಯಲ್ಲಿ ಕುಳಿತು ಮಾಡಿದವರಲ್ಲ. ಅಣ್ಣಾಮಲೈ ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣದಿಂದ 1985ರಲ್ಲಿ ಎಂ.ಎಸ್‌ಸಿ. ಪದವಿಯನ್ನು ಸಂಪಾದಿಸಿದರು. ಗಣಿತದ ಇತಿಹಾಸವನ್ನು ಬಲ್ಲವರಿಗೆ ಈ ಸಂಗತಿಯು ಸೋಫಿ ಜರ್ಮೇನಳನ್ನು (1776–1831) ಸ್ಮರಣೆಗೆ ತರದಿರದು. ಪ್ಯಾರಿಸಿನ ಎಕೋಲ್ ಪಾಲಿಟೆಕ್ನಿಕ್ ಸ್ತ್ರೀಯರಿಗೆ ಪ್ರವೇಶವೀಯದಿದ್ದ ಕಾಲದಲ್ಲಿ ಆ ಫ್ರೆಂಚ್ ವಿದುಷಿಯು ಲೆಬ್ಲಾಂ ಎಂಬ ಪುರುಷನಾಮದ ಮರೆಯಲ್ಲಿ ಅಲ್ಲಿಯ ಉಪನ್ಯಾಸಗಳ ಟಿಪ್ಪಣಿಗಳನ್ನು ದೊರಕಿಸಿಕೊಂಡು ಓದಿದಳು. ಅದೇ ಹೆಸರಿನಿಂದಲೇ ಮಹಾಗಣಿತಜ್ಞ ಗೌಸನಿಗೂ ಪತ್ರಗಳನ್ನು ಬರೆದಳು.

ಬಳಿಕ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದ ಸುಜಾತಾ ಅವರು, ಸ್ವತಃ ಬೀಜಗಣಿತದಲ್ಲಿ ಅಗ್ರಗಣ್ಯರಾದ ರಾಮನ್ ಪರಿಮಳಾ ಅವರ ಮಾರ್ಗದರ್ಶನದಲ್ಲಿ, ನೈಜ ಮೇಲ್ಮೈಗಳ ವಿಟ್ ಗ್ರೂಪುಗಳನ್ನು ಕುರಿತು ಪ್ರಬಂಧವನ್ನು ರಚಿಸಿ 1992ರಲ್ಲಿ ಡಾಕ್ಟರೇಟ್ ಪದವಿಯನ್ನು ಗಳಿಸಿದರು. ವರ್ಗಪದಗಳಿಂದ ಕೂಡಿದ ರಾಶಿಗಳನ್ನು ಅವುಗಳ ಧನಋಣ ಸ್ವಭಾವದೊಡನೆ ವಿಂಗಡಿಸುವುದು ವಿಟ್ ಗ್ರೂಪುಗಳ ಈ ಶಾಸ್ತ್ರದ ಒಂದು ಮುಖ್ಯ ಕಾರ್ಯ. ನೈಜ ಸಂಖ್ಯೆಗಳಲ್ಲಿ ಋಣ ಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಆಗಲಾರದು, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬ ತತ್ತ್ವವು ಇದರ ತಳಹದಿಯಲ್ಲಿರುವುದು. ಅದನ್ನು ಒಂಬತ್ತನೆಯ ಶತಮಾನದಲ್ಲಿಯೇ ಸ್ಪಷ್ಟವಾಗಿ ನುಡಿದವನು ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯ. ಅವನು ಗ್ರಂಥಾರಂಭದಲ್ಲಿ ಸ್ತುತಿಸಿರುವ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟವು ಇಂದಿನ ಮಳಖೇಡ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನೊಳಗೊಂಡ ಕಲಬುರಗಿ ಜಿಲ್ಲೆಯಲ್ಲಿಯೇ, ಭೀಮೆಯ ಉಪನದಿಯಾದ ಕಾಗಿಣೆಯ ದಡದಲ್ಲಿರುವ ಊರು. ಈ ಸಂಸ್ಕೃತ ಗ್ರಂಥವನ್ನು ಕನ್ನಡಕ್ಕೆ ಅನುವಾದಿಸಿದವರೂ ಓರ್ವ ಗಣಿತಜ್ಞೆಯೇ, ಮೈಸೂರಿನ ಪದ್ಮಾವತಮ್ಮ; ಅದು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು.

ಸುಜಾತಾ ಅವರ ಕೀರ್ತಿಗೆ ಮುಖ್ಯ ಕಾರಣವಾದುದು ಇವಾಸಾವಾ ಸಿದ್ಧಾಂತದಲ್ಲಿ ಅವರು ನಡೆಸಿದ ಸಂಶೋಧನೆ. ವಾಮಭಾಗದಲ್ಲಿ y ಎಂಬುದರ ವರ್ಗವೂ ದಕ್ಷಿಣಭಾಗದಲ್ಲಿ x ಎಂಬುದರ ಘನವುಳ್ಳ ರಾಶಿಯೂ ಇರುವ ಸಮೀಕರಣವು ಎಲಿಪ್ಟಿಕ್ ವಕ್ರರೇಖೆಯೊಂದನ್ನು ಕೊಡುವುದು. ಅದರ ಮೇಲೆ ಭಾಗಲಬ್ಧ ಸಂಖ್ಯೆಗಳಿಂದ ಗುರುತಿಸಬಹುದಾದ ಬಿಂದುಗಳೆಷ್ಟು ಎಂಬುದು ಕೇಳಲು ಸುಲಭ, ಉತ್ತರಿಸಲು ಅತಿಕಠಿನ. ಜಪಾನಿನ ಕೆಂಕಿಚಿ ಇವಾಸಾವಾ (1917–1998) ತೋರಿದ ದಾರಿಯಲ್ಲಿ, ಒಂದೇ ಸಂಖ್ಯಾಕ್ಷೇತ್ರದಲ್ಲಿ ನಿಲ್ಲದೆ, ಒಂದರ ಮೇಲೊಂದಾಗಿ ಏರುವ ಕ್ಷೇತ್ರಗಳ ಅನಂತ ಗೋಪುರದಲ್ಲಿ ಆ ಪ್ರಶ್ನೆಯನ್ನು ಪರೀಕ್ಷಿಸಲಾಗುತ್ತದೆ. ಬೀಜಗಣಿತದಿಂದ ದೊರೆತ ವಸ್ತುವಿಗೂ ವಿಶ್ಲೇಷಣೆಯಿಂದ ದೊರೆತ ಫಲನಕ್ಕೂ ಇರುವ ಸಾಮ್ಯವನ್ನು ಹೇಳುವುದೇ ಆ ಸಿದ್ಧಾಂತದ ಮುಖ್ಯ ಊಹೆ. ಆದರೆ ಗೋಪುರದ ಸಮಮಿತಿಗಳು ಪರಿವರ್ತನೀಯ ನಿಯಮಕ್ಕೆ ಒಳಪಡದಿದ್ದಲ್ಲಿ, ಎಂದರೆ ಮೊದಲು ಒಂದು, ಆಮೇಲೆ ಇನ್ನೊಂದು ಎಂಬ ಕ್ರಮವನ್ನು ಬದಲಿಸಿದರೆ ಫಲವೇ ಬೇರೆಯಾಗುವಲ್ಲಿ, ಹಳೆಯ ಸಾಧನಗಳು ಸಾಲುವುದಿಲ್ಲ. ಊಹೆಯನ್ನು ಹೇಳುವುದಕ್ಕೇ ಹೊಸ ಭಾಷೆ ಬೇಕು. ಆ ಭಾಷೆಯನ್ನು ಜಾನ್ ಕೋಟ್ಸ್, ತಕಾಕೊ ಫುಕಾಯಾ, ಕಝುಯಾ ಕಾತೊ, ಓಟ್ಮಾರ್ ವೆನ್‌ಯಾಕೊಬ್ ಅವರೊಡನೆ ಸುಜಾತಾ ರೂಪಿಸಿದರು. ಆ ಲೇಖನವು 2005ರಲ್ಲಿ ಫ್ರಾನ್ಸಿನ ಐಎಚ್‌ಇಎಸ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಮಸ್ಯೆಯೊಂದನ್ನು ಬಿಡಿಸುವುದಕ್ಕಿಂತ ಸಮಸ್ಯೆಯನ್ನು ಸರಿಯಾಗಿ ನುಡಿಯುವುದೇ ಕೆಲವೊಮ್ಮೆ ಹೆಚ್ಚಿನ ಸಾಧನೆಯೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನಮ್ಮ ಕಾಲದಲ್ಲಿ ವಿರಳ.

2004ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯೂ 2023ರಲ್ಲಿ ಪದ್ಮಶ್ರೀಯೂ ಇವರಿಗೆ ಸಂದವು. 2006ರ ಐಸಿಟಿಪಿ ರಾಮಾನುಜನ್ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರು ಇವರೇ. ರಾಷ್ಟ್ರೀಯ ಜ್ಞಾನ ಆಯೋಗದ ಸದಸ್ಯರಾಗಿದ್ದು, ಅನಂತರ ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು.

ಮಳಖೇಡವಿರುವ ಕಲಬುರಗಿ ಜಿಲ್ಲೆಯಲ್ಲಿ ಪದವಿಯ ಮುಂದಿನ ಓದಿಗೂ ಅವಕಾಶವುಂಟು: 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವು ಈಗ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ ಇರುವುದು. ಅಫಜಲಪುರ, ಜೇವರ್ಗಿಗಳ ಪದವಿಪೂರ್ವ ಕಾಲೇಜುಗಳಲ್ಲಿ ಗಣಿತವನ್ನು ಬೋಧಿಸುವ ಉಪಾಧ್ಯಾಯರು, ಹೆಣ್ಣುಮಕ್ಕಳು ಪದವಿಯ ಬಳಿಕ ಓದನ್ನು ನಿಲ್ಲಿಸುವ ಮಾತೆತ್ತಿದಾಗ, ಅಂಚೆಯಲ್ಲಿ ಬಂದ ಪಾಠಗಳಿಂದ ಎಂ.ಎಸ್‌ಸಿ. ಮಾಡಿದ ಈ ಬೆಂಗಳೂರಿನ ಹೆಣ್ಣುಮಗಳ ಹೆಸರನ್ನು ಅವರಿಗೆ ತಪ್ಪದೆ ಹೇಳಬೇಕು.