ಟ್ರಂಕಿನಲ್ಲಿರುವ ಉರ್ದು ಕಾಗದ

ಕಮಲಾಪುರ ಕಡೆಯ ಹಳೇ ಮನೆಗಳ ಟ್ರಂಕಿನಲ್ಲಿ ಹೊಲದ ಉರ್ದು ಕಾಗದ ಸಿಕ್ಕರೆ ಅಚ್ಚರಿಯಿಲ್ಲ. ಓದಲು ಬಾರದೆಂದು ಎಸೆಯಬೇಡಿ ಎಂದು ನಾವು ಕಂಡಕಂಡವರಿಗೆ ಹೇಳುತ್ತೇವೆ.

ನಿಜಾಮರ ಕಚೇರಿಗಳು 1880ರ ದಶಕದಲ್ಲಿ ಫಾರ್ಸಿ ಬಿಟ್ಟು ಉರ್ದು ಹಿಡಿದವು. ಹೊಲದಲ್ಲಿ ಕನ್ನಡ, ಕಾಗದದಲ್ಲಿ ಉರ್ದು. ತನ್ನದೇ ಹೊಲದ ಬಾಂದು ಎಲ್ಲಿದೆ ಎಂದು ತಿಳಿಯಲು ರೈತ ಓದಬಲ್ಲವರ ಬಾಯಿ ನೋಡಬೇಕಿತ್ತು. ಓದಿದ್ದು ಸರಿಯೋ ತಪ್ಪೋ, ಕೇಳುವುದು ಯಾರನ್ನು? ಜಾಗೀರು ಊರಾದರೆ ಕಂದಾಯವೂ ಜಾಗೀರದಾರನಿಗೇ. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. ಮರುವರ್ಷ ಜಾಗೀರು ರದ್ದಾಯಿತು, 1950ರಲ್ಲಿ ಗೇಣಿ ಕಾಯ್ದೆ ಬಂತು. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು.

ಕಾಗದದ ಕೆಲಸಕ್ಕೆ ಕಲಬುರಗಿಗೇ ಹೋಗಬೇಕಿತ್ತು. ಮುಂಬೈ ಕಡೆಯ ರೈಲು ಹಳಿ 1871ರಲ್ಲೇ ಕಲಬುರಗಿ ದಾಟಿ ರಾಯಚೂರು ಮುಟ್ಟಿತ್ತು. ಸ್ಟೇಶನ್ ಬಜಾರ ಎಂಬ ಹೆಸರೂ ಆ ಹಳಿಯದೇ ಕೊಡುಗೆ. ಕಮಲಾಪುರದ ಮೇಲೆ ಹೋಗುವ ಬೀದರ್–ಕಲಬುರಗಿ ಹಳಿ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ಕ್ಕೆ. ನಡುವೆ 146 ವರ್ಷ! ಅಲ್ಲಿಯವರೆಗೆ ಮೊದಲು ಬಂಡಿ, ಆಮೇಲೆ ಬಸ್ಸು.

ಈಗ ಕಮಲಾಪುರವೇ ತಾಲೂಕು, ಪಹಣಿ ಮೊಬೈಲಿನಲ್ಲೇ ಸಿಗುತ್ತದೆ. ಆದರೂ ದಾಯಾದಿ ತಂಟೆ ಎದ್ದರೆ ಹಳೇ ಕಾಗದ ಬೇಕಾಗಬಹುದು. ಫೋಟೊ ತೆಗೆದಿಡಿ. ಉರ್ದು ಬಲ್ಲ ಹಿರಿಯರು ಊರಲ್ಲಿರುವಾಗಲೇ ಓದಿಸಿ, ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದಿಡಿ.